ಹದಿನಾಲ್ಕನೇ ಗ್ಯಾರೇಜಿನ ಅಕ್ಕಸಾಲಿ

ಅವರು ಏನನ್ನು ತೋರಿಸಬೇಕಾದರೂ ತುಟಿಯಿಂದಲೇ ತೋರಿಸುತ್ತಿದ್ದರು. ಬೆರಳು ಎತ್ತಿದ್ದನ್ನು ನಾನು ನೋಡಿಲ್ಲ. ಎರಡೂ ತುಟಿ ಸೇರಿಸಿ ಸ್ವಲ್ಪ ಮುಂದಕ್ಕೆ ಚಾಚಿ, ಮುಖವನ್ನು ಬೇಕಾದ ಕಡೆಗೆ ಒಂದಿಷ್ಟು ತಿರುಗಿಸಿದರೆ ಮುಗಿಯಿತು. ಉತ್ತರ ದಿಕ್ಕು, ಉಪ್ಪಿನ ಡಬ್ಬಿ, ಗಾಳಿ ಇಳಿದ ನಿಮ್ಮ ಕಾರಿನ ಚಕ್ರ, ಎಲ್ಲಕ್ಕೂ ಅದೇ. ಬೆರಳು ಮಾಡಿ ತೋರಿಸುವುದು ಅವರ ಜನರಲ್ಲಿ ಒಳ್ಳೆಯ ನಡತೆಯಲ್ಲವೆಂದು ನನಗೆ ಗೊತ್ತಾದದ್ದು ಆಮೇಲೆ. ಗೊತ್ತಾಗುವುದಕ್ಕೆ ಮೊದಲು ನಾನು ಒದ್ದೆ ಬಟ್ಟೆಯ ಬುಟ್ಟಿಯನ್ನು ಬಿಟ್ಟು ಓಡಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಮೈಸೂರಿನಿಂದ ಮೇರಿಲ್ಯಾಂಡಿನ ಜರ್ಮನ್‌ಟೌನಿಗೆ ಬಂದು ಮೂರು ವಾರವಾಗಿತ್ತು. ಗಂಡ ಮುರಳಿ ಹೈವೇ ಪಕ್ಕದ ಒಂದು ಲ್ಯಾಬಿನಲ್ಲಿ ಇಲಿಗಳಿಗೆ ಇಂಜೆಕ್ಷನ್ ಕೊಡುತ್ತಿದ್ದ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ, ಆದ್ದರಿಂದ ನಾನು ಬಟ್ಟೆ ಒಗೆಯುತ್ತಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಅವತ್ತು ವಯಸ್ಸಾದ ಒಬ್ಬರು ಕುಳಿತಿದ್ದರು. ನಮ್ಮ ಕಡೆಯವರೇ ಅನ್ನಿಸುವಂಥ ಮೈಬಣ್ಣ, ಹಿಂದಕ್ಕೆ ಬಾಚಿ ಬಿಳಿ ನೂಲಿನಲ್ಲಿ ಸುತ್ತಿ ಕಟ್ಟಿದ ಕೂದಲ ಗಂಟು, ಮಣಿಕಟ್ಟಿನಲ್ಲಿ ನಾಲ್ಕು ಬೆರಳಗಲದ ಬೆಳ್ಳಿಯ ಕಡಗ. "ಡ್ರೈಯರ್ ಎಲ್ಲಿದೆ?" ಎಂದು ಕೇಳಿದೆ. ಅವರು ನನ್ನ ಕಡೆಗೆ ತುಟಿ ಚಾಚಿದರು. ನಾನು ಬುಟ್ಟಿಯನ್ನು ಅಲ್ಲೇ ಬಿಟ್ಟು ಮೂರು ಮಹಡಿ ಹತ್ತಿ ಬಾಗಿಲು ಹಾಕಿಕೊಂಡೆ.

ಸಂಜೆ ಮುರಳಿ, "ನಾನು ಹೋಗಿ ಮಾತಾಡ್ಕೊಂಡು ಬರ್ತೀನಿ" ಎಂದು ತೋಳು ಮಡಚಿಕೊಂಡು ಇಳಿದು ಹೋದ. ಹತ್ತು ನಿಮಿಷಕ್ಕೆ ಒಣಗಿ ಮಡಿಸಿದ ಬಟ್ಟೆಯ ಜೊತೆ ವಾಪಸು ಬಂದ.

"ನನಗೂ ಹಾಗೇ ಮಾಡಿದ್ರು ಕಣೇ" ಎಂದ. "ತಿರುಗಿ ನೋಡಿದೆ. ಬುಟ್ಟಿ ಆ ಕಡೆ ಇತ್ತು. ಡ್ರೈಯರೂ ಅಲ್ಲೇ ಇತ್ತು."

ಅವರು ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನದವರು. ಅರಿಜೋನಾದಲ್ಲಿ ಹುಟ್ಟಿ, ಅಲ್ಲೇ ತಮ್ಮ ಚಿಕ್ಕಪ್ಪನಿಂದ ಬೆಳ್ಳಿ ಕೆಲಸ ಕಲಿತು, ಐವತ್ತು ವರ್ಷ ಅದನ್ನೇ ಮಾಡಿದವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಲೊರೇನ್ ಅವರನ್ನು ಇಲ್ಲಿಗೆ ಕರೆತಂದಿದ್ದಳು. ಲೊರೇನ್ ನರ್ಸ್. ಅವಳ ಮಗಳು ಟೀನಾಳಿಗೆ ಆಗ ಹನ್ನೊಂದು ನಡೆಯುತ್ತಿತ್ತು. ಇವರಿಗೂ ನಮಗೂ ಅಮೆರಿಕದಲ್ಲಿ ಇಂಡಿಯನ್ ಎಂಬ ಒಂದೇ ಹೆಸರಿರುವ ವಿಷಯದ ತಮಾಷೆಗಳನ್ನೆಲ್ಲ ಜನ ಈಗಾಗಲೇ ಮಾಡಿ ಮುಗಿಸಿದ್ದಾರೆ. ಅವರು ಮಾಡಲಿಲ್ಲ, ನಾನೂ ಮಾಡುವುದಿಲ್ಲ. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಹೆಸರು ಹಿಡಿದು ಕರೆಯುವುದಕ್ಕಿಂತ ಏನಾದರೊಂದು ನೆಂಟಸ್ತನ ಹಚ್ಚುವುದೇ ಸರಿ ಎಂಬುದು ಅವರ ಅಭಿಪ್ರಾಯವೂ ಆಗಿತ್ತು. ಆದರೆ "ಯಾವ ಕಡೆಯಿಂದ ಅಂಕಲ್? ತಾಯಿ ಕಡೆಯಿಂದಲೋ, ತಂದೆ ಕಡೆಯಿಂದಲೋ?" ಎಂದು ಗಂಭೀರವಾಗಿ ಕೇಳಿದ್ದರು. ನಾನು ಯೋಚಿಸಿ, ತಾಯಿ ಕಡೆಯಿಂದ ಎಂದೆ. ಅದಾದ ಮೇಲೆ ನನ್ನನ್ನು ಸ್ವಲ್ಪ ಬೈಯುವ ಅಧಿಕಾರವನ್ನು ಅವರು ತೆಗೆದುಕೊಂಡರು.

ಅವರು ಆಡಿದ್ದೆಲ್ಲ ಇಂಗ್ಲಿಷ್. ಇಲ್ಲಿ ಅದನ್ನು ನನಗೆ ಕೇಳಿಸಿದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬರೆಯುವುದೂ ಹೆಚ್ಚಿಲ್ಲ. ಒಂದು ಪ್ರಶ್ನೆ ಕೇಳಿದರೆ ಅದಕ್ಕೆ ಉತ್ತರ ಬರುವಷ್ಟರಲ್ಲಿ ಒಂದು ಒಗ್ಗರಣೆ ಹಾಕಿ ಮುಗಿಸಬಹುದಿತ್ತು. ಎದುರಿನವರ ಮಾತು ಮುಗಿಯುವ ಮೊದಲೇ ನಮ್ಮದು ಶುರು ಮಾಡುವುದು ನಮ್ಮ ಮನೆಯಲ್ಲಿ ಆಸಕ್ತಿಯ ಗುರುತು. ಹಾಗಾಗಿ ನಾನು ಉಸಿರು ಬಿಡದೆ, "ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು ಅಂಕಲ್? ಚಳಿ ಆಗಲ್ವಾ? ಊಟಕ್ಕೇನು ಮಾಡ್ಕೋತೀರಿ?" ಎಂದು ಕೇಳುವುದು, ಅವರು ಕೈಯಲ್ಲಿದ್ದ ಕಡಗಕ್ಕೆ ಹತ್ತು ಸಲ ಅರ ಉಜ್ಜಿ, ಅದನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟು, "ಐದು" ಎನ್ನುವುದು. ಉಳಿದೆರಡಕ್ಕೆ ಉತ್ತರ ಮರುದಿನ ಸಿಗುತ್ತಿತ್ತು.

ಅವರ ಕುಲುಮೆ ಇದ್ದದ್ದು ನಮ್ಮ ಕಟ್ಟಡದ ಹಿಂದೆ, ಬಾಡಿಗೆಗೆ ಕೊಡುವ ಕಾರ್ ಗ್ಯಾರೇಜಿನಲ್ಲಿ. ಪೂರ್ವಕ್ಕೆ ಬಾಗಿಲಿರುವ ಸಾಲಿನಲ್ಲಿ ಒಂದು ಖಾಲಿಯಾಗಲೆಂದು ಎಂಟು ತಿಂಗಳು ಕಾದು ಹದಿನಾಲ್ಕನೆಯದನ್ನು ಹಿಡಿದಿದ್ದರು. ಬಾಗಿಲು ಬೇರೆ ದಿಕ್ಕಿಗಿದ್ದರೆ ಬೆಳ್ಳಿಗೆ ಏನಾಗುತ್ತದೆ ಎಂದು ಕೇಳಿದೆ. "ಬೆಳ್ಳಿಗೆ ಏನೂ ಆಗಲ್ಲ. ನನಗೆ ಆಗುತ್ತೆ" ಎಂದರು. ಗ್ಯಾರೇಜಿನಲ್ಲಿ ಬೆಂಕಿ ಹಚ್ಚಬಾರದೆಂದು ಕರಾರಿನಲ್ಲಿ ಬರೆದಿತ್ತು. ಅಪಾರ್ಟ್‌ಮೆಂಟ್ ಮ್ಯಾನೇಜರ್ ಹೆಂಗಸಿನ ಬೆರಳಲ್ಲಿ ಅವರು ಮಾಡಿದ ಉಂಗುರವಿತ್ತು. ಆಕೆಗೆ ಬೆಂಕಿಯ ವಿಚಾರ ಏನೂ ಗೊತ್ತಿರಲಿಲ್ಲ.

ಒಳಗೆ ಬೆಳ್ಳಿ ಬಡಿಯಲು ಅಡಿಗಲ್ಲಿನ ಬದಲು ಎರಡು ಅಡಿ ಉದ್ದದ ರೈಲು ಕಂಬಿಯ ತುಂಡು. ಬೆಳ್ಳಿಯ ಮೇಲೆ ಚಿತ್ತಾರ ಒತ್ತುವ ಅಚ್ಚುಗಳು ನೂರಕ್ಕೆ ಹತ್ತಿರ, ಎಲ್ಲವೂ ಕೈಯಲ್ಲೇ ಮಾಡಿದವು. ಹಳೆಯ ಅರ, ಬೋಲ್ಟು, ಕೆಟ್ಟ ಇಂಜಿನ್ನಿನ ವಾಲ್ವು ಸಿಕ್ಕಿದರೆ ತುದಿಯನ್ನು ಉಜ್ಜಿ ಅರ್ಧಚಂದ್ರವೋ ಬಾಣವೋ ಮಾಡಿಕೊಳ್ಳುತ್ತಿದ್ದರು. ಒಂದು ಮೂಲೆಯಲ್ಲಿ ಹಳೇ ಕಂಬಳಿಯಡಿ ಬೂದಿ ಬಣ್ಣದ ಮೆತ್ತನೆಯ ಕಲ್ಲುಗಳು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲಂತೆ, ಚಾಕುವಿನಲ್ಲಿ ಕೊರೆಯಬಹುದು. ಅದರಲ್ಲಿ ಆಕಾರ ಕೊರೆದು, ಕರಗಿದ ಬೆಳ್ಳಿ ಹೊಯ್ದು, ಎರಕ ತೆಗೆಯುತ್ತಿದ್ದರು. ಊರಿನಿಂದ ಕಾರಿನ ಡಿಕ್ಕಿಯಲ್ಲಿ ಹೊತ್ತು ತಂದದ್ದು. ಇಲ್ಲಿ ಕಲ್ಲು ಸಿಗುವುದಿಲ್ಲವೇ ಎಂದರೆ, "ಸಿಗುತ್ತೆ. ಅದಕ್ಕೆ ನಮ್ಮ ಕೆಲಸ ಗೊತ್ತಿಲ್ಲ" ಎನ್ನುತ್ತಿದ್ದರು.

ನಾನು ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡ ಮೇಲೆ ಶನಿವಾರಗಳಲ್ಲಿ ಅವರನ್ನು ರೆಸ್ಟನ್ನಿನ ಕರಕುಶಲ ಸಂತೆಗೆ ಕರೆದುಕೊಂಡು ಹೋಗುತ್ತಿದ್ದೆ. ಅವರು ಮೇಜಿನ ಮೇಲೆ ಕರಿ ಬಟ್ಟೆ ಹಾಸಿ, ಕಡಗ ಉಂಗುರ ಜೋಡಿಸಿ, ಕೈಕಟ್ಟಿ ಕುಳಿತುಬಿಡುವರು. ಒಮ್ಮೆ ಒಬ್ಬಾಕೆ ಕಡಗವೊಂದನ್ನು ಎದೆಗೆ ಒತ್ತಿಕೊಂಡು, ಈ ಚಿಹ್ನೆಯ ಅರ್ಥವೇನು, ಇದು ಮಳೆಯ ದೇವತೆಯೇ, ಎಂದು ಕೇಳಿದಳು. ಇವರು ಎಂದಿನಷ್ಟು ಹೊತ್ತು ತೆಗೆದುಕೊಂಡು, "ಅದು ಟ್ರಕ್ಕಿನ ವಾಲ್ವು" ಎಂದರು. ಆಕೆಯ ಮುಖ ಬಾಡಿದ್ದನ್ನು ನೋಡಿ ಪಾಪ ಅನ್ನಿಸಿರಬೇಕು, "ಮಳೆಯಲ್ಲೂ ಓಡ್ತಿತ್ತು" ಎಂದು ಸೇರಿಸಿದರು.

ಇದು ವ್ಯಾಪಾರವೇ ಎಂದು ನನಗೆ ರೇಗಿತು. ಮುಂದಿನ ವಾರ ನಾನೇ ಮೇಜಿನ ಮುಂದೆ ನಿಂತೆ. ಪರ್ವತಗಳು, ಪೂರ್ವಜರು, ಹದ್ದು ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿ ಮಧ್ಯಾಹ್ನದೊಳಗೆ ಮೂರು ಕಡಗ ಮಾರಿದೆ. ವಾಪಸು ಬರುವುದು ಮುಕ್ಕಾಲು ಗಂಟೆಯ ದಾರಿ. ಮನೆಯ ತಿರುವಿನಲ್ಲಿ ಅವರು ಬಾಯಿ ತೆರೆದರು.

"ನೀನು ಹೇಳಿದ ಕಥೆ ಚೆನ್ನಾಗಿತ್ತು. ಅದಕ್ಕೆ ತಕ್ಕ ಕಡಗ ನಾನಿನ್ನೂ ಮಾಡಿಲ್ಲ."

ಆಮೇಲೆ ನಾನೂ ಕೈಕಟ್ಟಿ ಕೂರುವುದನ್ನು ಕಲಿತೆ. ನಾಚಿಕೆಯಾಗಿತ್ತು.

ಮರುವರ್ಷ ಮೇ ತಿಂಗಳಲ್ಲಿ ನನ್ನ ಅತ್ತೆ ಸಾವಿತ್ರಮ್ಮ ಆರು ತಿಂಗಳಿಗೆಂದು ಬಂದರು. ಮಾವನವರು ವಿಮಾನವೆಂದರೆ ಆಗುವುದಿಲ್ಲವೆಂದು ಮೈಸೂರಿನಲ್ಲೇ ತಮ್ಮ ತಮ್ಮನ ಮನೆಯಲ್ಲಿ ಇಸ್ಪೀಟು ಆಡಿಕೊಂಡು ಉಳಿದರು. ಅತ್ತೆ ಬಂದ ಎರಡನೇ ವಾರಕ್ಕೆ ಅವರ ಮಾಂಗಲ್ಯದ ಸರದ ಕೊಂಡಿ ಕಿತ್ತುಹೋಯಿತು. ಅತ್ತೆ ತಾಳಿಯನ್ನು ಅರಿಶಿನದ ದಾರಕ್ಕೆ ಪೋಣಿಸಿ ಕಟ್ಟಿಕೊಂಡು, ಸರವನ್ನು ಕರವಸ್ತ್ರದಲ್ಲಿ ಸುತ್ತಿಟ್ಟು, "ಇಲ್ಲಿ ಅಕ್ಕಸಾಲಿ ಯಾರಿದಾರೆ?" ಎಂದರು. ಮಾಲ್‌ನ ಅಂಗಡಿಯವರು ಎರಡು ವಾರ ಬಿಟ್ಟು ಬನ್ನಿ, ಹೊರಗೆ ಕಳಿಸಿ ಮಾಡಿಸಬೇಕು, ಎಂದರು. ಹೊರಗೆ ಎಂದರೆ ಎಲ್ಲಿ, ಯಾರು, ಎದುರಿಗೆ ಕೂರಲು ಬಿಡುತ್ತಾರೆಯೇ ಎಂದು ಅತ್ತೆ ವಿಚಾರಿಸಿದರು. ಬಿಡುವುದಿಲ್ಲವಂತೆ. ನಾನು ಅತ್ತೆಯನ್ನು ಹದಿನಾಲ್ಕನೇ ಗ್ಯಾರೇಜಿಗೆ ಕರೆದುಕೊಂಡು ಹೋದೆ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ಅತ್ತೆ ಗಾದೆ ಎಂದು ತಿಳಿದಿರಲಿಲ್ಲ, ಕಾನೂನು ಎಂದು ತಿಳಿದಿದ್ದರು. ನಲವತ್ತು ವರ್ಷದಲ್ಲಿ ಅವರು ಒಂದು ಮೂಗುಬಟ್ಟನ್ನೂ ಅಕ್ಕಸಾಲಿಯ ಕೈಗೆ ಕೊಟ್ಟು ಎದ್ದುಬಂದವರಲ್ಲ. ಎದುರಿಗೆ ಕುಳಿತು, ಕಣ್ಣು ಮಿಟುಕಿಸದೆ, ಅವನು ಅರ ಹಿಡಿದರೆ ಅರವನ್ನು, ಮೂಸೆ ಹಿಡಿದರೆ ಮೂಸೆಯನ್ನು ನೋಡುತ್ತಿರುವುದು. ಇಲ್ಲೂ ಮಡಿಸುವ ಕುರ್ಚಿ ತರಿಸಿಕೊಂಡು, ಸೆರಗು ಹೊದ್ದು ಕುಳಿತರು. ಅವರು ಅತ್ತೆಯನ್ನು ಒಮ್ಮೆ ನೋಡಿ, ತಮ್ಮ ಭಾಷೆಯಲ್ಲಿ ಏನೋ ಹೇಳಿ, ಕೆಲಸಕ್ಕೆ ತೊಡಗಿದರು.

"ಏನಂದ?" ಎಂದರು ಅತ್ತೆ.

ನಾನು ಕೇಳಿ ತಿಳಿದು ಹೇಳಿದೆ: "ನಿಮ್ಮನ್ನ ಅಕ್ಕ ಅಂದ್ರಂತೆ, ಅತ್ತೆ."

"ಅಕ್ಕ ಅಂದ್ನಾ? ಹಾಗಾದ್ರೆ ಇನ್ನೂ ಹುಷಾರಾಗಿರ್ಬೇಕು" ಎಂದು ಅತ್ತೆ ಕುರ್ಚಿಯನ್ನು ಒಂದಡಿ ಮುಂದಕ್ಕೆ ಎಳೆದುಕೊಂಡರು.

ಒಂದು ಕೊಂಡಿ ಬೆಸೆಯಲು ಅರ್ಧ ಗಂಟೆ ಸಾಕು. ಅವರು ಮೂರು ದಿನ ತೆಗೆದುಕೊಂಡರು. ಮೊದಲ ದಿನ ಸರವನ್ನು ತೊಳೆದರು. ಎರಡನೇ ದಿನ ಪ್ರತಿ ಕೊಂಡಿಯನ್ನೂ ಬೆರಳಲ್ಲಿ ಮುಟ್ಟಿ ನೋಡಿದರು. ಅತ್ತೆ ಬೆಳಗ್ಗೆ ತಿಂಡಿ ಮುಗಿಸಿ ಹೋಗಿ ಕೂರುವರು, ಊಟಕ್ಕೆ ಎದ್ದು ಬರುವಾಗ ಸರವನ್ನು ಕೈಯಲ್ಲಿ ಹಿಡಿದೇ ಬರುವರು, ಮತ್ತೆ ಹೋಗುವರು. "ಬೇಕಂತಲೇ ಎಳೀತಿದಾನೆ. ನಾನು ತೂಕಡಿಸಲಿ ಅಂತ ಕಾಯ್ತಿದಾನೆ" ಎಂದು ನನಗೆ ಹೇಳಿದರು. ಅತ್ತೆ ತೂಕಡಿಸಲಿಲ್ಲ. ಬದಲಿಗೆ ಬೆಸುಗೆಗೆ ಬಳಸುವ ಬಿಳಿ ಪುಡಿಯನ್ನು ಕಂಡು, "ಬಿಳಿಗಾರ! ನಮ್ಮ ನಾರಾಯಣಾಚಾರೀನೂ ಇದೇ ಹಾಕೋದು" ಎಂದು ಉದ್ಗರಿಸಿದರು. ಅದಾದ ಮೇಲೆ ಗೋತ್ರ ಕೇಳಿದರು. ಅವರು ತಾಯಿಯ ಕುಲ ಕಹಿನೀರಿನವರು, ತಂದೆಯ ಕುಲ ಉಪ್ಪಿನವರು ಎಂದು ಶುರು ಮಾಡಿ ಇಬ್ಬರು ಅಜ್ಜಂದಿರ ಕುಲಗಳನ್ನೂ ಹೇಳಿದರು.

"ಒಂದೇ ಕುಲದೊಳಗೆ ಮದುವೆ ಆಗ್ತಾರಾ ಕೇಳು" ಎಂದರು ಅತ್ತೆ.

ಕೇಳಿದೆ. ಅವರು ಅರವನ್ನು ಕೆಳಗಿಟ್ಟೇ ಬಿಟ್ಟರು. "ಇಲ್ಲ. ತುಂಬಾ ಕೆಟ್ಟದ್ದು."

"ಜನ ಒಳ್ಳೆಯವರೇ" ಎಂದು ಅತ್ತೆ ಒಪ್ಪಿದರು. "ಆದರೂ ನಾನು ಏಳಲ್ಲ."

ಹೀಗೆ ಮೂರು ದಿನ ಎಳೆದದ್ದರ ಕಾರಣ ನನಗೆ ಲೊರೇನಳಿಂದ ಗೊತ್ತಾಯಿತು. ಈ ಊರಲ್ಲಿ ಐದಾರು ವರ್ಷದಿಂದ ಜನ ಬರುತ್ತಾರೆ, ಅಂಗಡಿ ನೋಡುವಂತೆ ನೋಡುತ್ತಾರೆ, ಮಾತಾಡುತ್ತಾರೆ, ಹೋಗುತ್ತಾರೆ. ಒಬ್ಬರ ಕೆಲಸದ ಎದುರು ಮಾತಿಲ್ಲದೆ ದಿನವಿಡೀ ಕೂರುವಷ್ಟು ಮರ್ಯಾದೆ ಗೊತ್ತಿರುವವರು ಇಲ್ಲಿ ಸಿಕ್ಕಿದ್ದು ಇದೇ ಮೊದಲು ಎಂದು ಅವರು ಮನೆಯಲ್ಲಿ ಹೇಳಿದ್ದರಂತೆ. ಅಂಥ ಅತಿಥಿ ಕೂತಿರುವಾಗ ಕೆಲಸವನ್ನು ಬೇಗ ಮುಗಿಸಿದರೆ, ಎದ್ದು ಹೋಗಿ ಎಂದ ಹಾಗೆ ಆಗುವುದಿಲ್ಲವೇ? ನಾನು ಲೊರೇನಳಿಗೆ ನಮ್ಮ ಗಾದೆಯನ್ನು ಹೇಳಲು ಹೋಗಲಿಲ್ಲ.

ಮೂರನೇ ಸಂಜೆ ಸರ ಸಿದ್ಧವಾಯಿತು. ಬೆಸುಗೆ ಎಲ್ಲಿ ಹಾಕಿದ್ದಾರೆಂದು ಅತ್ತೆಯ ಕಣ್ಣಿಗೂ ಕಾಣಲಿಲ್ಲ. ಸರದ ಜೊತೆಗೆ ಅವರು ಕ್ಯಾಮರಾ ರೋಲ್ ಬರುವ ಒಂದು ಪುಟ್ಟ ಕರಿ ಡಬ್ಬಿಯನ್ನೂ ಕೊಟ್ಟರು. ಮುಚ್ಚಳ ತೆಗೆದರೆ ತಳದಲ್ಲಿ ಚಿಟಿಕೆ ಹಳದಿ ಪುಡಿ. ಅರ ಉಜ್ಜಿದಾಗ ಉದುರಿದ ಚಿನ್ನ. ಮೇಜಿಗೆ ಬಿಳಿ ಕಾಗದ ಹಾಸಿಕೊಂಡು, ಕುಂಚದಿಂದ ಗುಡಿಸಿ ತೆಗೆದಿದ್ದರು. ಗುಲಗಂಜಿ ತೂಕವೂ ಇರಲಿಲ್ಲ. "ಇದು ಅಕ್ಕನದು" ಎಂದರು.

ಅತ್ತೆ ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಲವತ್ತು ವರ್ಷದಲ್ಲಿ ಯಾವ ಅಕ್ಕಸಾಲಿಯೂ ಅವರಿಗೆ ಪುಡಿಯನ್ನು ವಾಪಸು ಕೊಟ್ಟಿರಲಿಲ್ಲ. ಅಂಥದ್ದೊಂದನ್ನು ಕೇಳಬಹುದೆಂದೇ ಅವರಿಗೆ ಹೊಳೆದಿರಲಿಲ್ಲ. ಮನೆಗೆ ಬಂದು ಬೇಳೆಗೆ ಎರಡು ಸಲ ಉಪ್ಪು ಹಾಕಿದರು.

ಮರುದಿನ ತಿಂಡಿ ಮುಗಿಸಿ ಮತ್ತೆ ಚಪ್ಪಲಿ ಮೆಟ್ಟಿದರು.

"ಸರ ಬಂತಲ್ಲ ಅತ್ತೆ, ಇನ್ಯಾಕೆ?"

"ಸುಮ್ನೆ. ನೋಡೋಕೆ" ಎಂದರು.

ಹಾಗೆ ನೋಡುತ್ತಾ ಜೂನ್ ಮುಗಿಯುವ ಹೊತ್ತಿಗೆ ಅತ್ತೆ ಕಂಡುಹಿಡಿದ ವಿಷಯ ನರ್ಸ್ ಮಗಳಿಗೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಬಂದು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಇಡೀ ಕಾಂಪ್ಲೆಕ್ಸಿನಲ್ಲಿ ಯಾರಿಗೂ ಕನ್ನಡ ಬಾರದಿದ್ದರೂ ದನಿ ತಗ್ಗಿಸಿ ಹೇಳಿದರು: "ವಸು, ಅವರಿಗೆ ಎಡಗಣ್ಣು ಕಾಣಲ್ಲ ಕಣೇ. ಬಲಗಣ್ಣೂ ಅಷ್ಟಕ್ಕಷ್ಟೆ. ಚಿಮಟ ಎತ್ತೋ ಮುಂಚೆ ಕೈ ಮೇಜಿನ ಮೇಲೆ ಹುಡುಕುತ್ತೆ."

ನಾನು ಹೋಗಿ ಕೇಳಿದೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಡಾಕ್ಟರು ಇನ್ನು ಮಾಡುವುದು ಹೆಚ್ಚಿಲ್ಲ ಎಂದಿದ್ದರು. ಲೊರೇನಳಿಗೆ ಹೇಳಿದರೆ ಅವಳು ಅವತ್ತೇ ಕುಲುಮೆಯ ಗ್ಯಾಸ್ ಸಿಲಿಂಡರ್ ತೆಗೆಸುತ್ತಾಳೆ. ಅದಕ್ಕೆ ಮುಂಚೆ ಅವರಿಗೆ ಒಂದು ಕೆಲಸ ಮುಗಿಯಬೇಕಿತ್ತು. ಹುಡುಗಿ ದೊಡ್ಡವಳಾದಾಗ ಅವರಲ್ಲಿ ನಾಲ್ಕು ದಿನದ ಶಾಸ್ತ್ರವಿದೆ. ಊರಿಗೆ ಕರೆದುಕೊಂಡು ಹೋಗಿ, ಹುಡುಗಿಯ ತಲೆ ಬಾಚಿ, ಮೈತುಂಬ ಬೆಳ್ಳಿ, ನೀಲಿ ಟರ್ಕ್ವಾಯ್ಸ್ ಕಲ್ಲು ತೊಡಿಸುತ್ತಾರೆ. ಅವಳು ಪೂರ್ವ ದಿಕ್ಕಿಗೆ ಓಡಬೇಕು. ಟೀನಾಳ ಸರವನ್ನು ತಾವೇ ಮಾಡುವುದಾಗಿ ಅವರು ಹೆಂಡತಿ ಸಾಯುವಾಗ ಆಕೆಗೆ ಮಾತು ಕೊಟ್ಟಿದ್ದರು. ಮಣಿಗಳು ಸಿದ್ಧವಿದ್ದವು, ಪೋಣಿಸಿರಲಿಲ್ಲ. ನಡುವೆ ತೂಗುವ ದೊಡ್ಡ ಅರ್ಧಚಂದ್ರ ಇನ್ನೂ ಎರಕವಾಗಿರಲಿಲ್ಲ. ಕಣ್ಣು ಮೊದಲು ಹೋಗುತ್ತದೋ, ಹುಡುಗಿ ಮೊದಲು ದೊಡ್ಡವಳಾಗುತ್ತಾಳೋ ಎಂಬುದು ಅವರ ಕೈಯಲ್ಲಿರಲಿಲ್ಲ.

ಇದನ್ನೆಲ್ಲ ನಾನು ಸಂಕೋಚಪಟ್ಟುಕೊಂಡು ಅತ್ತೆಗೆ ಅನುವಾದಿಸಿದೆ. ನಾನು ದೊಡ್ಡವಳಾದಾಗ ಬೀದಿಯವರನ್ನೆಲ್ಲ ಕರೆದು ಆರತಿ ಎತ್ತಿದ ಅವಮಾನ ನನಗಿನ್ನೂ ಆರಿರಲಿಲ್ಲ. ಅತ್ತೆಗೆ ಯಾವ ಸಂಕೋಚವೂ ಇಲ್ಲ. "ಹುಡುಗಿಗೆ ಎಷ್ಟು ವಯಸ್ಸು?" ಎಂದರು.

"ಹನ್ನೆರಡಕ್ಕೆ ಬಿತ್ತು."

"ಟೈಮಿಲ್ಲ. ಮಣಿ ಇಲ್ಲಿ ಕೊಡಕ್ಕೆ ಹೇಳು."

ಅವರು ಮಣಿಗಳ ಚೀಲವನ್ನು ಹಾಗೆಯೇ ಎತ್ತಿ ಅತ್ತೆಯ ಮಡಿಲಿಗೆ ಹಾಕಿ ತಮ್ಮ ಕೆಲಸಕ್ಕೆ ತಿರುಗಿದರು. ಎಷ್ಟಿವೆ ಎಂದು ನೋಡಲಿಲ್ಲ, ಅತ್ತೆ ಅದನ್ನು ಮನೆಗೆ ಹೊತ್ತುಕೊಂಡು ಬಂದಾಗಲೂ ಕೇಳಲಿಲ್ಲ. "ಒಂದು ಸಲ ತಿರುಗಿ ಕೂಡ ನೋಡ್ಲಿಲ್ಲ ಕಣೇ" ಎಂದು ಅತ್ತೆ ಪೆಟ್ಟು ತಿಂದವರಂತೆ ನನಗೆ ಹೇಳಿದರು. ಜನ್ಮವಿಡೀ ಕರಿಮಣಿ ಪೋಣಿಸಿದ ಕೈ. ಹತ್ತು ದಿನದಲ್ಲಿ ಬೆಳ್ಳಿ ಗುಂಡು, ನೀಲಿ ಕಲ್ಲು ಎಲ್ಲ ಸಾಲಾಗಿ ಸೇರಿದವು.

ಉಳಿದದ್ದು ಅರ್ಧಚಂದ್ರ. ಬೆಳ್ಳಿ ಕರಗಿದ ಮೇಲೆ ಹೊಯ್ಯಲು ಒಂದೇ ಕ್ಷಣವಿರುತ್ತದೆ. ಅದರ ಬಣ್ಣ ನೋಡಿಯೇ ತಿಳಿಯಬೇಕು. ಜುಲೈಯಲ್ಲಿ ಹೊಯ್ದಾಗ ಬೆಳ್ಳಿ ಕಾದದ್ದು ಸಾಲದೆ ಚಂದ್ರನಿಗೆ ಒಂದೇ ಕೊಂಬು ಬಂತು, ಕಲ್ಲೂ ಬಿರಿಯಿತು. ಆಗಸ್ಟಿನಲ್ಲಿ ಕಾದದ್ದು ಹೆಚ್ಚಾಗಿ ಬೆಳ್ಳಿಯ ಮೈತುಂಬ ತೂತು, ಆ ಕಲ್ಲೂ ಹೋಯಿತು. ಅವರು ಎರಡನ್ನೂ ಮೂಸೆಗೆ ವಾಪಸು ಹಾಕಿ, ಕಂಬಳಿಯ ಕಡೆ ತುಟಿ ಮಾಡಿದರು. ಅದರಡಿ ಚಿಕ್ಕಪ್ಪನ ಜಾಗದಿಂದ ತಂದ ಕೊನೆಯ ಜೋಡಿ ಕಲ್ಲಿತ್ತು. ಅದರಲ್ಲಿ ಆಕಾರ ಕೊರೆಯಲು ಮೂರು ವಾರ ತೆಗೆದುಕೊಂಡರು. ಕೊರೆದದ್ದು ಹೆಚ್ಚಾಗಿ ಹೆಬ್ಬೆರಳಿನ ಅಂದಾಜಿನಲ್ಲೇ. ಹೊಯ್ಯಲು ಮಾತ್ರ ಮುಂದಾಗಲಿಲ್ಲ. ದಿನವೂ ಕಲ್ಲನ್ನು ತೆಗೆದು, ಸವರಿ, ಒಳಗಿಡುತ್ತಿದ್ದರು. ಅವರು ಹೆದರಿದ್ದರು. ಅದು ನನಗೂ ಕಾಣುತ್ತಿತ್ತು.

ಸೆಪ್ಟೆಂಬರ್ ಕೊನೆಯ ಒಂದು ಮಂಗಳವಾರ ಲೊರೇನ್ ಬಾಗಿಲು ಬಡಿದು, ಟೀನಾ ದೊಡ್ಡವಳಾದಳು, ಶುಕ್ರವಾರ ಬೆಳಗ್ಗೆ ಎಲ್ಲರೂ ಅರಿಜೋನಾಕ್ಕೆ ಹೊರಡುತ್ತೇವೆ ಎಂದಳು. ಅತ್ತೆ ಅವತ್ತೇ ಎಳ್ಳು ಹುರಿದು, ಬೆಲ್ಲ ಸೇರಿಸಿ ಕುಟ್ಟಿ ಚಿಗಳಿ ಉಂಡೆ ಕಟ್ಟಿದರು. ಟೀನಾ ಮುಖ ಕೆಂಪಗೆ ಮಾಡಿಕೊಂಡು, ಇದೇನು, ಎಂದು ಕೇಳಿ ನಾಲ್ಕು ತಿಂದಳು.

ಬುಧವಾರ ಬೆಳಗ್ಗೆ ಗ್ಯಾರೇಜಿನಲ್ಲಿ ನಾವು ಮೂವರೇ. ಅವರು ಕಲ್ಲಿನ ಎರಡು ಹೋಳನ್ನು ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪಾಗಿಸಿ, ಜೋಡಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ನಿಲ್ಲಿಸಿದರು. ಮೂಸೆಯಲ್ಲಿ ಬೆಳ್ಳಿ ಹಾಕಿ ಬೆಂಕಿಯ ಬಾಯಿ ತಿರುಗಿಸಿದರು. ಆಮೇಲೆ ನಿಂತುಬಿಟ್ಟರು.

"ಅಕ್ಕನಿಗೆ ಕೇಳು" ಎಂದರು. "ಅವರು ನನ್ನ ಬೆಂಕಿಯನ್ನು ನಾಲ್ಕು ತಿಂಗಳು ನೋಡಿದ್ದಾರೆ. ಯಾವಾಗ ಹೊಯ್ಯಬೇಕು ಅಂತ ಅವರಿಗೆ ಗೊತ್ತಾ?"

ನಾನು ಕೇಳಿದೆ. ಅತ್ತೆಗೆ ಸಿಟ್ಟೇ ಬಂತು. "ನಾಲ್ಕು ತಿಂಗಳಾ? ನಲವತ್ತು ವರ್ಷ ನೋಡಿದೀನಿ. ಇನ್ನೇನು ನೋಡ್ತಿದ್ದೆ ಅಂದ್ಕೊಂಡ್ರು?"

ಬೆಳ್ಳಿ ಬಿಸಿಯಾಗುವ ಹೊತ್ತಿನಲ್ಲಿ ಅತ್ತೆ ಸೊಂಟದಿಂದ ಆ ಪುಟ್ಟ ಕರಿ ಡಬ್ಬಿಯನ್ನು ತೆಗೆದರು. "ಇದನ್ನೂ ಅದರಲ್ಲಿ ಹಾಕಲಾ ಕೇಳು. ಹುಡುಗಿಗೆ."

ಅವರು ಉತ್ತರಕ್ಕೆ ಎಂದಿನಷ್ಟು ಹೊತ್ತು ತೆಗೆದುಕೊಂಡರು. ಕೊನೆಗೆ, "ಚಿನ್ನ ಬೆಳ್ಳಿಯೊಳಗೆ ಕಾಣೋದಿಲ್ಲ ಅಂತ ಹೇಳು" ಎಂದರು.

"ಯಾರಿಗೆ ಕಾಣ್ಬೇಕಾಗಿದೆ?" ಎಂದು ಅತ್ತೆ ಡಬ್ಬಿಯನ್ನು ಮೂಸೆಯ ಮೇಲೆ ಬಗ್ಗಿಸಿ ತಳವನ್ನು ಎರಡು ಸಲ ತಟ್ಟಿದರು. ಅಕ್ಕಸಾಲಿಗೆ ಹುಡಿ ಚಿನ್ನ ಬಿಡಬಾರದೆಂದು ಹೆಂಗಸೊಬ್ಬಳು ನಲವತ್ತು ವರ್ಷ ಕಾದು ಕುಳಿತದ್ದು ಅಲ್ಲಿಗೆ ಮುಗಿಯಿತು.

ಆಮೇಲೆ ಅತ್ತೆ ಮೂಸೆಯ ಮೇಲೆ ಬಗ್ಗಿ ನಿಂತರು. ಬೆಳ್ಳಿ ಕೆಂಪಾಯಿತು, ಕುಸಿಯಿತು, ಮೇಲೆ ಮಬ್ಬು ಪೊರೆ ಕಟ್ಟಿತು. ಅಂಕಲ್ ಚಿಮಟದಲ್ಲಿ ಮೂಸೆ ಹಿಡಿದು ಕಾಯುತ್ತಿದ್ದರು, ಕಣ್ಣನ್ನು ಪೂರ್ತಿ ಮುಚ್ಚಿಯೇಬಿಟ್ಟಿದ್ದರು. ನನಗೆ ಆಗಲೇ ಆಯಿತು ಅನ್ನಿಸಿ ಬಾಯಿ ತೆರೆದೆ. ಅತ್ತೆ ನನ್ನ ತೋಳನ್ನು ಚಿವುಟಿದರು. ಪೊರೆ ಸರಿದು ಬೆಳ್ಳಿ ಕನ್ನಡಿಯಂತೆ ಹೊಳೆದು ಒಮ್ಮೆ ಹೊರಳಿತು.

"ಈಗ!" ಎಂದರು ಅತ್ತೆ.

ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅನುವಾದಿಸುವಷ್ಟು ಹೊತ್ತೂ ಇರಲಿಲ್ಲ. ಅವರು ಹೊಯ್ದರು.

ಟ್ಯೂಬಿನ ಪಟ್ಟಿ ಬಿಚ್ಚಿ ಕಲ್ಲನ್ನು ಬೇರೆ ಮಾಡಿದಾಗ ಅರ್ಧಚಂದ್ರ ಪೂರ್ತಿಯಾಗಿತ್ತು, ಎರಡು ಕೊಂಬೂ ಇದ್ದವು. ಅವರು ಅದನ್ನು ನೀರಿಗೆ ಅದ್ದಿ ತೆಗೆದು ಹೆಬ್ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದರು. ಮತ್ತೆ ಸವರಿದರು. ಅಳುತ್ತಿದ್ದರು. ಅತ್ತೆ, "ಹೊಗೆ" ಎಂದು ನನಗೆ ಹೇಳಿ ಸೆರಗಿನಲ್ಲಿ ತಮ್ಮ ಕಣ್ಣನ್ನೂ ಒರೆಸಿಕೊಂಡರು.

ಶುಕ್ರವಾರ ಬೆಳಗ್ಗೆ ವ್ಯಾನಿನಲ್ಲಿ ಸಾಮಾನು ತುಂಬುವಾಗ ಅವರು ಪಾರ್ಕಿಂಗ್‌ನಲ್ಲಿ ನಿಂತಿದ್ದರು. ಕಣ್ಣಿನ ಸಂಗತಿಯನ್ನು ಹಿಂದಿನ ದಿನವೇ ಮಗಳಿಗೆ ಹೇಳಿದ್ದರು, ಲೊರೇನಳ ಮುಖ ಊದಿತ್ತು. ಎರಡು ವಾರದಲ್ಲಿ ಬರುತ್ತೀರಲ್ಲ ಎಂದು ಕೇಳಿದೆ. ಚಳಿಗೆ ಜಾಕೆಟ್ ಇದೆಯಾ ಎಂದೂ ಕೇಳಿದೆ. ಅವರು ಅತ್ತೆ ನಿಂತಿದ್ದಾರೆಂದು ಅಂದಾಜು ಮಾಡಿದ ಕಡೆಗೆ ಮುಖ ತಿರುಗಿಸಿ, ತಮ್ಮ ಭಾಷೆಯಲ್ಲಿ ಆ ಅಕ್ಕ ಎಂಬ ಮಾತನ್ನು ಅಂದರು. ನನ್ನ ಎರಡನೆಯ ಪ್ರಶ್ನೆಗೆ, "ಇದೆ" ಎಂದರು. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ನಾನು ನಾಳೆ ಬರುತ್ತದೆ ಎಂದುಕೊಂಡೆ.

ಲೊರೇನ್ ಮತ್ತು ಟೀನಾ ಮಾತ್ರ ವಾಪಸು ಬಂದರು. ಟೀನಾ ಸರ ತೊಟ್ಟು ಓಡುವಾಗ ಅರ್ಧಚಂದ್ರ ಎದೆಗೆ ಬಡಿದು ಸಣ್ಣಗೆ ಕಲೆಯಾಗಿತ್ತಂತೆ, ಕಾಲರ್ ಸರಿಸಿ ತೋರಿಸಿದಳು. ಅಜ್ಜ ಅಲ್ಲೇ ಉಳಿದರು. ಅತ್ತೆ ಅಕ್ಟೋಬರ್‌ನಲ್ಲಿ ಮೈಸೂರಿಗೆ ಹೋದರು. ಫೆಬ್ರವರಿಯಲ್ಲಿ ಲೊರೇನ್ ಬಾಗಿಲಿಗೆ ಬಂದು, "ನನ್ನ ತಂದೆ" ಎಂದಷ್ಟೇ ಹೇಳಿ ನಿಂತಳು. ಹೋದವರ ಹೆಸರನ್ನು ಹೇಳಬಾರದು, ಹೇಳಿದರೆ ಅವರನ್ನು ತಡೆದ ಹಾಗೆ ಆಗುತ್ತದೆ, ನೀವೂ ಹೇಳಬೇಡಿ ಎಂದಳು. ಈ ಬರಹದಲ್ಲಿ ಅವರ ಹೆಸರಿಲ್ಲ, ನಾನು ಮರೆತಿಲ್ಲ. ಮದುವೆಯಾದ ಮೇಲೆ ಒಮ್ಮೆಯೂ ಗಂಡನ ಹೆಸರು ಹೇಳದ ಅತ್ತೆಗೆ ಇದನ್ನು ವಿವರಿಸಬೇಕಾಗಲಿಲ್ಲ. ಸುದ್ದಿಯನ್ನು ಫೋನಿನಲ್ಲಿ ಹೇಳಿದೆ. ಲೈನು ಕಟ್ಟಾಯಿತೇ ಎಂದು ನಾನು ಎರಡು ಸಲ ಹಲೋ ಎಂದೆ.

"ಹುಡುಗಿಗೆ ಸರ ಸರಿಯಾಗಿ ಕೂತಿತ್ತಲ್ವೇನೇ?" ಎಂದರು ಅತ್ತೆ ಕೊನೆಗೆ.

"ಕೂತಿತ್ತು ಅತ್ತೆ."

"ಹಾಗಾದ್ರೆ ಸರಿ" ಎಂದು ಫೋನಿಟ್ಟರು.

ಅತ್ತೆ ಈಗ ಅಕ್ಕಸಾಲಿಯ ಹತ್ತಿರ ಹೋದರೆ ಒಡವೆ ಕೊಟ್ಟು ಎದ್ದುಬರುತ್ತಾರೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹಾಗೇನಿಲ್ಲ. ನಾರಾಯಣಾಚಾರಿಯ ಎದುರು ಮೊದಲಿನಂತೆಯೇ ಕುಳಿತು ಕಣ್ಣು ಮಿಟುಕಿಸದೆ ನೋಡುತ್ತಾರೆ. ಆದರೆ ಹೋದ ಸಲ ನಾನು ಮೈಸೂರಿಗೆ ಹೋದಾಗ, ಆ ಕರಿ ಡಬ್ಬಿ ಏನಾಯಿತು, ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ. ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು. ಎರಡು ಬತ್ತಿ ಹೊಸೆದು ತಟ್ಟೆಯಲ್ಲಿಟ್ಟರು. ಆಮೇಲೆ ಎರಡೂ ತುಟಿ ಸೇರಿಸಿ, ಮುಂದಕ್ಕೆ ಚಾಚಿ, ದೇವರಮನೆಯ ಕಡೆಗೆ ತೋರಿಸಿದರು.